ದುರ್ಬಲ ಪಾತ್ರದ ಬದಲಾವಣೆ: ಪಾತ್ರಾಭಿನಯದ ಮೇಜಿನಾಟದಲ್ಲಿ ಕಥನದ ಹಕ್ಕು

ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಬಾಯಿಮಾತಿನಲ್ಲಿಯೇ ಕಥೆಯೊಂದನ್ನು ಕಟ್ಟುವ ಆಟದ ಪ್ರಕಾರವು ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನೊಂದಿಗೆ ನೆಲೆಗೊಂಡಿತು. ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಇದರ ಕರ್ತೃಗಳು. ಪ್ರತಿ ಆಟಗಾರನಿಗೂ ಒಂದು ಪಾತ್ರ. ಉಳಿದ ಲೋಕವೆಲ್ಲ ನಿರ್ವಾಹಕನದು. ಬಲ, ಬುದ್ಧಿ, ವಿವೇಕ ಮೊದಲಾದ ಆರು ಗುಣಗಳ ಪ್ರಮಾಣವನ್ನು ಮೂರು ದಾಳಗಳ ಮೊತ್ತ ನಿರ್ಧರಿಸುತ್ತಿತ್ತು. ಗರಿಷ್ಠವಾದ 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ಕನಿಷ್ಠವಾದ 3ಕ್ಕೂ ಅಷ್ಟೇ. ಹೀಗಾಗಿ ಇಲ್ಲಿ ದುರ್ಬಲ ಪಾತ್ರವೆಂಬುದು ಲೇಖಕನ ಸೋಲಲ್ಲ, ದಾಳದ ತೀರ್ಪು.

ಈ ತೀರ್ಪನ್ನು ಒಪ್ಪಲೇಬೇಕೆ? 1977ರ 'ಟ್ರಾವೆಲರ್' ಆಟದಲ್ಲಿ ಪಾತ್ರವು ರಚನೆಯ ಹಂತದಲ್ಲಿಯೇ ಸಾಯಬಹುದಿತ್ತು. ಗೈಗ್ಯಾಕ್ಸ್ 1979ರಲ್ಲಿ ನಾಲ್ಕು ದಾಳ ಉರುಳಿಸಿ ಕನಿಷ್ಠವನ್ನು ಕೈಬಿಡುವ ವಿಧಾನವನ್ನು ಸೂಚಿಸಿದರು, ಸರಾಸರಿ 10.5ರಿಂದ ಸುಮಾರು 12.2ಕ್ಕೆ ಏರಿತು. 2000ದ ಮೂರನೆಯ ಆವೃತ್ತಿಯು ಅತ್ಯುನ್ನತ ಗುಣವೇ 13 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪಾತ್ರವನ್ನು ಕೈಬಿಟ್ಟು ಹೊಸದಾಗಿ ದಾಳ ಹಾಕಲು ಅನುಮತಿ ನೀಡಿತು. ಆದರೆ ಈ ರಿಯಾಯಿತಿಗಳೆಲ್ಲ ಕಥೆ ಆರಂಭವಾಗುವ ಮೊದಲಿನವು ಎಂಬುದು ಗಮನಾರ್ಹ.

ನಿಜವಾದ ತೊಡಕು ಏಳುವುದು ಕಥೆಯ ನಡುವೆ. ಮೇಲಾಗಿ ದೌರ್ಬಲ್ಯವೂ ಕಾಲಸಾಪೇಕ್ಷವೇ. 1978ರ ನಿಯಮದಂತೆ ಯೋಧನ ಪ್ರಾಣಶಕ್ತಿಗೆ ಹತ್ತು ಮುಖದ ದಾಳ, ಮಾಂತ್ರಿಕನಿಗೆ ನಾಲ್ಕು ಮುಖದ್ದು. ಆರಂಭದಲ್ಲಿ ದಿನಕ್ಕೆ ಒಂದೇ ಮಂತ್ರ. ಅದೇ ಮಾಂತ್ರಿಕ ಐದನೆಯ ಹಂತಕ್ಕೇರಿದಾಗ ಅಗ್ನಿಗೋಲದಿಂದ ಗುಂಪುಗಳನ್ನೇ ಸುಡಬಲ್ಲ. ಮೊದಲ ಹಂತದಲ್ಲಿಯೇ ಅವನನ್ನು ಬದಲಿಸುವವನು ಸಂಖ್ಯೆಯನ್ನು ನೋಡಿ ಆಖ್ಯಾನದ ಭವಿಷ್ಯವನ್ನು ಬಿಟ್ಟುಕೊಡುತ್ತಾನೆ.

ಬದಲಿಸುವ ಬಗೆಯಲ್ಲಿಯೂ ಒಂದು ಕಪಟವಿದೆ. ಬೇಸತ್ತ ಆಟಗಾರ ತನ್ನ ಪಾತ್ರವನ್ನು ಬೇಕೆಂದೇ ಶತ್ರುವಿನ ಬಾಯಿಗೆ ನೂಕುವುದುಂಟು. ನಿಯಮದ ದೃಷ್ಟಿಯಿಂದ ಇದು ನಿರ್ದೋಷ. ಕಥನದ ದೃಷ್ಟಿಯಿಂದ ಅಲ್ಲ. ಕನ್ನಡದಲ್ಲಿ 'ಪಾತ್ರ'ವೆಂದರೆ ಭಾಂಡವೂ ಹೌದು. ಹಲವು ತಿಂಗಳು ಆಡಿದ ಪಾತ್ರದೊಳಗೆ ಇತರರೂ ಏನನ್ನೋ ಸುರಿದಿರುತ್ತಾರೆ: ಒಬ್ಬನ ಸಾಲ, ಇನ್ನೊಬ್ಬಳ ಸ್ನೇಹ, ಮತ್ತೊಬ್ಬನ ತೀರದ ಹಗೆ. ಸುಳ್ಳು ಸಾವು ಅವರ ಪಾಲನ್ನೂ ಚೆಲ್ಲುತ್ತದೆ. ದಾಳವೇ ಕೊಂದರೆ ಯಾರೂ ದೂರುವುದಿಲ್ಲ. ಆಟಗಾರನೇ ಕೊಂದರೆ ಆ ಮೇಜಿನಲ್ಲಿ ಮುಂದಿನ ಸಾವಿಗೂ ಬೆಲೆ ಇಳಿಯುತ್ತದೆ.

ಆದ್ದರಿಂದ ಗುಂಪಿನೊಡನೆ ಮುಕ್ತವಾಗಿ ಮಾತನಾಡಿ, ಪಾತ್ರಕ್ಕೆ ಕಥೆಯೊಳಗೇ ನಿರ್ಗಮನದ ಕಾರಣವೊಂದನ್ನು ಕಲ್ಪಿಸುವುದೇ ಉಚಿತವೆಂದು ತೋರುತ್ತದೆ. ಗಾಯಗೊಂಡವನು ಊರಿನಲ್ಲಿ ಉಳಿಯಬಹುದು, ಮಾಂತ್ರಿಕ ಗುರುವನ್ನು ಅರಸಿ ಹೋಗಬಹುದು. ಅಂಥ ಪಾತ್ರವು ನಿರ್ವಾಹಕನ ವಶಕ್ಕೆ ಹೋಗುತ್ತದೆ. ಮುಂದೊಮ್ಮೆ ಅದು ಮರಳಿ ಬಂದಾಗ ಅದನ್ನು ಸೃಷ್ಟಿಸಿದವನು ಎದುರು ಕುಳಿತು, ತನ್ನ ಹಳೆಯ ಪಾತ್ರ ಬೇರೊಬ್ಬರ ದನಿಯಲ್ಲಿ ಮಾತನಾಡುವುದನ್ನು ಕೇಳಬೇಕಾಗುತ್ತದೆ.