ಸೀಸರನ ಉಯಿಲಿನ ಲೆಕ್ಕ: ಹತ್ತನೇ ಕ್ಲಾಸಿನ ಇಂಗ್ಲಿಷ್ ಪಾಠದಲ್ಲಿ ಒಂದು ದುರಂತ ನಾಟಕ

ಈ ವಾರದ ಸಂಚಿಕೆಯನ್ನು ಕೇಳೋ ಬದಲು ಓದೋಕೆ ಬಂದವರಿಗೆ ಸ್ವಾಗತ. ಮಾತಲ್ಲಿ ಇದ್ದದ್ದನ್ನೇ ಬರಹಕ್ಕೆ ಇಳಿಸಿದ್ದೀನಿ, ಅಲ್ಲಲ್ಲಿ ಎಳೆದದ್ದನ್ನು ಕತ್ತರಿಸಿದ್ದೀನಿ, ಅಷ್ಟೆ.

ಇವತ್ತಿನ ವಿಷಯ ಶೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್'. ಐಸಿಎಸ್‌ಇ ಶಾಲೆಗಳಲ್ಲಿ 2025ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ಇದೇ ನಾಟಕ. ಅದಕ್ಕೂ ಮೊದಲು ವರ್ಷಗಟ್ಟಲೆ 'ದಿ ಮರ್ಚೆಂಟ್ ಆಫ್ ವೆನಿಸ್' ಇತ್ತು. ಹೀಗಾಗಿ ಅಕ್ಕ-ಅಣ್ಣಂದಿರ ಹಳೇ ನೋಟ್ಸ್ ತಮ್ಮ-ತಂಗಿಯರಿಗೆ ಉಪಯೋಗಕ್ಕೆ ಬರ್ತಿಲ್ಲ. ಮನೆಯಲ್ಲಿ ಅಪ್ಪ-ಅಮ್ಮ ಕೇಳೋ ಪ್ರಶ್ನೆ ಒಂದೇ: "ಇದು ಓದಿ ಏನು ಬರುತ್ತೆ? ಗೈಡ್ ಓದಿದ್ರೆ ಸಾಕಲ್ವಾ?"

ನಾನು ಓದಿದ್ದು ಬಿಕಾಂ. ನನ್ನಂಥವರಿಗೆ ಈ ನಾಟಕದಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ಈ ನಾಟಕದ ನಟ್ಟನಡುವೆ ಒಂದು ಉಯಿಲಿದೆ, ಆ ಉಯಿಲಿನಲ್ಲಿ ಒಂದು ಮೊತ್ತ ಇದೆ. ಆ ಮೊತ್ತಕ್ಕೆ ಮುಂದೆ ಏನಾಯ್ತು ಅಂತ ಹುಡುಕ್ತಾ ಹೋದರೆ ಇಡೀ ನಾಟಕ ಬಿಚ್ಕೊಳ್ಳುತ್ತೆ. ಗೈಡ್‌ಗಳು ಆ ಜಾಗದಲ್ಲಿ ಬೇಗ ಬೇಗ ಪುಟ ತಿರುಗಿಸಿಬಿಡ್ತವೆ.

ಮೊದಲು ಕತೆ, ಎರಡೇ ನಿಮಿಷದಲ್ಲಿ

ನಾಟಕ ರಂಗಕ್ಕೆ ಬಂದದ್ದು 1599ರಲ್ಲಿ. ಆ ವರ್ಷ ಲಂಡನ್‌ಗೆ ಹೋಗಿದ್ದ ಥಾಮಸ್ ಪ್ಲಾಟರ್ ಅನ್ನೋ ಸ್ವಿಸ್ ಪ್ರವಾಸಿ ಸೀಸರನ ನಾಟಕ ನೋಡಿದ್ದನ್ನು ಬರೆದಿಟ್ಟಿದ್ದಾನೆ. ಅಚ್ಚಾದದ್ದು ಶೇಕ್ಸ್‌ಪಿಯರ್ ಸತ್ತ ಮೇಲೆ, 1623ರಲ್ಲಿ. ಕತೆಗೆ ಆಧಾರ ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳು. ಅದನ್ನು ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದಿದ್ದ.

ರೋಮ್‌ನಲ್ಲಿ ಸೀಸರ್ ಬಹಳ ಬೆಳೆದುಬಿಟ್ಟಿದ್ದಾನೆ. ಇನ್ನು ರಾಜನೇ ಆಗಿಬಿಡ್ತಾನೇನೋ ಅನ್ನೋ ಭಯ. ಕ್ಯಾಸಿಯಸ್ ಪಿತೂರಿ ಕಟ್ಟುತ್ತಾನೆ. ಆದರೆ ಆ ಗುಂಪಿಗೆ ಒಂದು ಒಳ್ಳೆ ಹೆಸರು ಬೇಕು. ಆ ಹೆಸರು ಬ್ರೂಟಸ್‌ನದ್ದು. ಕ್ರಿ.ಪೂ. 44ರ ಮಾರ್ಚ್ 15ರಂದು ಎಲ್ಲರೂ ಸೇರಿ ಸೀಸರನನ್ನು ಇರಿದು ಕೊಲ್ತಾರೆ. ಆಮೇಲೆ ಬ್ರೂಟಸ್ ಜನರ ಮುಂದೆ ಭಾಷಣ ಮಾಡ್ತಾನೆ, ಆಂಟನಿಗೂ ಮಾತಾಡೋಕೆ ಬಿಡ್ತಾನೆ. ಆಂಟನಿಯ ಮಾತು ಮುಗಿಯೋ ಹೊತ್ತಿಗೆ ಊರಿಗೆ ಬೆಂಕಿ. ಕೊನೆಗೆ ಯುದ್ಧ, ಕ್ಯಾಸಿಯಸ್ ಮತ್ತು ಬ್ರೂಟಸ್ ಇಬ್ಬರ ಸಾವು.

ಗಮನಿಸಿ, ಹೆಸರು ಸೀಸರನದ್ದಾದರೂ ಐದು ಅಂಕದ ನಾಟಕದಲ್ಲಿ ಅವನು ಮೂರನೇ ಅಂಕದಲ್ಲೇ ಸಾಯ್ತಾನೆ. ಕೊನೆತನಕ ನಮ್ಮ ಜೊತೆ ಇರೋದು ಬ್ರೂಟಸ್. ದುರಂತ ಅವನದ್ದು.

ದುರಂತ ಅಂದ್ರೆ ಏನು?

ಗೈಡ್‌ನಲ್ಲಿ ಒಂದು ಸಾಲಿನ ಉತ್ತರ ಇರುತ್ತೆ: ನಾಯಕನಲ್ಲಿ ಒಂದು ದೋಷ ಇದೆ, ಅದರಿಂದ ಅವನು ನಾಶವಾಗ್ತಾನೆ. ಇದು ಗ್ರೀಕ್ ಚಿಂತಕ ಅರಿಸ್ಟಾಟಲ್‌ನ 'ಹಮಾರ್ಷಿಯಾ' ಅನ್ನೋ ಪದದಿಂದ ಬಂದದ್ದು. ಆದರೆ ಆ ಪದದ ಮೂಲದಲ್ಲಿರೋದು ಗುರಿ ತಪ್ಪೋದು, ಬಿಟ್ಟ ಬಾಣ ಬೇರೆ ಕಡೆ ಹೋಗೋದು. ಕೆಟ್ಟವನು ಹಾಳಾದ್ರೆ ಅದು ದುರಂತ ಅಲ್ಲ, 'ಮಾಡಿದ್ದುಣ್ಣೋ ಮಹಾರಾಯ' ಅಂತ ಎದ್ದು ಹೋಗ್ತೀವಿ. ಒಳ್ಳೆಯವನು, ಒಳ್ಳೇದಕ್ಕೇ ಅಂತ ಬಾಣ ಬಿಟ್ಟು, ಅದು ತಪ್ಪಿ ಎಲ್ಲರನ್ನೂ ಕೊಂದಾಗ ಎದೆ ಹಿಂಡುತ್ತೆ.

ಕನ್ನಡದವರಿಗೆ ಇದು ಹೊಸದೇನಲ್ಲ. ಬಿ.ಎಂ.ಶ್ರೀ ಸುಮಾರು ನೂರು ವರ್ಷದ ಹಿಂದೆ ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಮಾಡಿದರು. ಸೋಫೋಕ್ಲಿಸ್‌ನ 'ಏಜಾಕ್ಸ್' ನಾಟಕದ ಜಾಡಿನಲ್ಲಿ 'ಅಶ್ವತ್ಥಾಮನ್' ಬರೆದರು. ದುರ್ಯೋಧನನ ಸೋಲಿಗೂ ಮರುಗಬಹುದು ಅಂತ ರನ್ನ ಸಾವಿರ ವರ್ಷದ ಹಿಂದೆಯೇ ತೋರಿಸಿದ್ದ. ಆದ್ದರಿಂದ ಮನೆಯಲ್ಲಿ ಮಕ್ಕಳಿಗೆ ಟ್ರಾಜಿಡಿ ಅರ್ಥ ಮಾಡಿಸೋಕೆ ಕಷ್ಟಪಡಬೇಡಿ. ಕರ್ಣನ ಕತೆ ಹೇಳಿದರೂ ಅರ್ಧ ಕೆಲಸ ಮುಗೀತು.

ವೋಚರ್ ಇಲ್ಲದ ತೀರ್ಮಾನ

ಹಾಗಾದರೆ ಬ್ರೂಟಸ್‌ನ ಬಾಣ ತಪ್ಪಿದ್ದೆಲ್ಲಿ? 2ನೇ ಅಂಕ, 1ನೇ ದೃಶ್ಯ ತೆಗೀರಿ. ನಡುರಾತ್ರಿ, ತೋಟದಲ್ಲಿ ಅವನೊಬ್ಬನೇ. ಸೀಸರ್ ಮೇಲೆ ತನಗೆ ವೈಯಕ್ತಿಕ ದ್ವೇಷ ಇಲ್ಲ ಅಂತ ಹೇಳ್ಕೊಳ್ತಾನೆ. ಸೀಸರ್ ಇದುವರೆಗೆ ವಿವೇಕ ಬಿಟ್ಟು ನಡೆದದ್ದನ್ನು ಕಂಡಿಲ್ಲ ಅಂತಲೂ ಒಪ್ಪಿಕೊಳ್ತಾನೆ. ಆದರೂ ಕಿರೀಟ ಬಂದ್ರೆ ಬದಲಾಗಬಹುದು, ಹಾವಿನ ಮೊಟ್ಟೆ ಇದ್ದ ಹಾಗೆ, ಒಡೆದು ಮರಿ ಆಚೆ ಬರೋ ಮೊದಲೇ ಮುಗಿಸಿಬಿಡಬೇಕು ಅನ್ನೋ ತೀರ್ಮಾನಕ್ಕೆ ಬರ್ತಾನೆ.

ಅಕೌಂಟೆನ್ಸಿಯಲ್ಲಿ ನಮಗೊಂದು ನಿಯಮ ಹೇಳಿಕೊಡ್ತಾರೆ: ಮುಂದೆ ಬರಬಹುದಾದ ನಷ್ಟಕ್ಕೆ ಇವತ್ತೇ ಪ್ರಾವಿಷನ್ ಇಡಿ. ಬ್ರೂಟಸ್ ಮಾಡ್ತಿರೋದೂ ಅದೇ ಥರ ಕಾಣುತ್ತೆ. ಆದರೆ ವ್ಯತ್ಯಾಸ ನೋಡಿ, ಸಾಲ ವಾಪಸ್ ಬರದೇ ಇರಬಹುದು ಅಂತ ನಾವು ಪುಸ್ತಕದಲ್ಲಿ ಒಂದಷ್ಟು ಮೊತ್ತ ತೆಗೆದಿಡ್ತೀವಿ. ಸಾಲಗಾರನನ್ನು ಕೊಲ್ಲಲ್ಲ. ನಾಳೆ ಸಾಲಗಾರ ದುಡ್ಡು ತಂದು ಕೊಟ್ಟರೆ ಪ್ರಾವಿಷನ್ ವಾಪಸ್ ತೆಗೀಬಹುದು. ಕೊಲೆಯನ್ನು ವಾಪಸ್ ತೆಗೆಯೋಕಾಗಲ್ಲ.

ಅದೇ ದೃಶ್ಯದಲ್ಲಿ ಕಿಟಕಿ ಹತ್ತಿರ ಸಿಕ್ಕ ಒಂದು ಕಾಗದವನ್ನು ಕೆಲಸದ ಹುಡುಗ ಲೂಸಿಯಸ್ ತಂದುಕೊಡ್ತಾನೆ. ಬ್ರೂಟಸ್, ಎದ್ದೇಳು, ರೋಮನ್ನು ಉಳಿಸು ಅನ್ನೋ ಧಾಟಿಯ ಪತ್ರ. ಸಹಿ ಇಲ್ಲ, ವಾಕ್ಯ ಅರ್ಧಂಬರ್ಧ. ಅದು ಜನರ ಕೂಗು ಅಂತ ಬ್ರೂಟಸ್ ನಂಬುತ್ತಾನೆ. ಆದರೆ ನಮಗೆ ಗೊತ್ತು, ಬೇರೆ ಬೇರೆ ಕೈಬರಹದಲ್ಲಿ ಅಂಥ ಪತ್ರಗಳನ್ನು ಎಸೆಯೋ ಯೋಜನೆ ಕ್ಯಾಸಿಯಸ್‌ನದ್ದು. ಒಂದನೇ ಅಂಕದಲ್ಲೇ ಅವನು ಹೇಳಿಬಿಟ್ಟಿರ್ತಾನೆ. ಇಲ್ಲಿ ಅತ್ಯಂತ ಸೂಕ್ಷ್ಮ ವಿಷಯ ಏನಂದ್ರೆ, ಪತ್ರದಲ್ಲಿ ಬಿಟ್ಟ ಖಾಲಿ ಜಾಗವನ್ನು ಬ್ರೂಟಸ್ ತಾನೇ ತುಂಬಿಕೊಳ್ತಾನೆ. ಸುಳ್ಳು ಸುದ್ದಿ ಅರ್ಧ ಹೇಳಿದರೆ ಸಾಕು, ಉಳಿದರ್ಧವನ್ನು ನಮ್ಮ ಮನಸ್ಸೇ ಬರೆದುಕೊಳ್ಳುತ್ತೆ. ಕಳಿಸಿದವರು ಯಾರು ಅಂತ ಗೊತ್ತಿಲ್ಲದ ಫಾರ್ವರ್ಡ್ ಮೆಸೇಜ್ ನೋಡಿರೋ ಹದಿನೈದು ವರ್ಷದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ?

ಉಯಿಲಿನ ಮೊತ್ತ

ಈಗ ಮುಖ್ಯ ದೃಶ್ಯ, 3ನೇ ಅಂಕ, 2ನೇ ದೃಶ್ಯ. ಬ್ರೂಟಸ್ ಗದ್ಯದಲ್ಲಿ ಮಾತಾಡ್ತಾನೆ, ಅಚ್ಚುಕಟ್ಟಾಗಿ, ತರ್ಕವಾಗಿ. ಸೀಸರ್‌ಗೆ ಅಧಿಕಾರದಾಹ ಇತ್ತು, ಅದಕ್ಕೆ ಕೊಂದೆ ಅಂತಾನೆ. ಸಾಕ್ಷಿ? ದಾಖಲೆ ಕ್ಯಾಪಿಟಲ್‌ನಲ್ಲಿದೆ ಅಂತ ಹೇಳ್ತಾನೆ, ತೋರಿಸಲ್ಲ. ಜನ ಎಷ್ಟು ಖುಷಿಯಾಗ್ತಾರೆ ಅಂದ್ರೆ, ಗುಂಪಿನಲ್ಲೊಬ್ಬ ಇವನನ್ನೇ ಸೀಸರ್ ಮಾಡೋಣ ಅಂತ ಕೂಗ್ತಾನೆ. ಯಾವುದು ಬೇಡ ಅಂತ ಕೊಲೆ ಮಾಡಿದನೋ ಅದನ್ನೇ ಜನ ಇವನಿಗೆ ಕೊಡೋಕೆ ಬಂದರು! ಬ್ರೂಟಸ್ ಅಲ್ಲೇ ಸೋತ. ಅದು ಅವನಿಗೇ ಗೊತ್ತಾಗಲ್ಲ. ಆಂಟನಿ ಮಾತು ಕೇಳಿ ಅಂತ ಹೇಳಿ ಹೊರಟೇ ಹೋಗ್ತಾನೆ.

ಆಂಟನಿ ಪದ್ಯದಲ್ಲಿ ಮಾತಾಡ್ತಾನೆ. ಬ್ರೂಟಸ್ ಗೌರವಸ್ಥ ಅಂತ ಮತ್ತೆ ಮತ್ತೆ ಹೇಳ್ತಾ ಹೇಳ್ತಾ ಆ ಪದವನ್ನೇ ಬೈಗುಳ ಮಾಡಿಬಿಡ್ತಾನೆ. ಉಯಿಲು ತೋರಿಸ್ತಾನೆ, ಓದಲ್ಲ ಅಂತಾನೆ. ಆಮೇಲೆ ಸೀಸರನ ರಕ್ತಸಿಕ್ತ ಮೇಲಂಗಿ ಹಿಡಿದು, ಈ ತೂತು ಕ್ಯಾಸಿಯಸ್‌ನದ್ದು, ಇದು ಕ್ಯಾಸ್ಕಾನದ್ದು, ಇದು ಬ್ರೂಟಸ್‌ನದ್ದು ಅಂತ ಲೆಕ್ಕ ಕೊಡ್ತಾನೆ.

ಒಂದು ನಿಮಿಷ ತಡೀರಿ. ಕೊಲೆ ನಡೆದಾಗ ಆಂಟನಿ ಅಲ್ಲಿದ್ದನಾ? ಇಲ್ಲ. ಟ್ರೆಬೋನಿಯಸ್ ಅವನನ್ನು ಮೊದಲೇ ಆಚೆ ಕರ್ಕೊಂಡು ಹೋಗಿದ್ದ. ಯಾವ ತೂತು ಯಾರದ್ದು ಅಂತ ಇವನಿಗೆ ಹೇಗೆ ಗೊತ್ತು? ನರ್ವಿಯರನ್ನು ಗೆದ್ದ ದಿನ ಸೀಸರ್ ಇದೇ ಅಂಗಿ ಮೊದಲ ಸಲ ತೊಟ್ಟದ್ದು ತನಗೆ ನೆನಪಿದೆ ಅಂತಾನೆ. ಇತಿಹಾಸದಲ್ಲಿ ಆ ಯುದ್ಧ ನಡೆದದ್ದು ಕ್ರಿ.ಪೂ. 57ರಲ್ಲಿ, ಆಗ ಆಂಟನಿ ಸೀಸರನ ಸೈನ್ಯ ಸೇರಿರಲೇ ಇಲ್ಲ. ಗುಂಪಿನಲ್ಲಿ ಒಬ್ಬನಾದರೂ ಪ್ರಶ್ನೆ ಕೇಳಿದ್ನಾ? ಇಲ್ಲ. ನಾವು ಓದುವಾಗ ಕೇಳ್ತೀವಾ? ಬಹಳಷ್ಟು ಜನ ಕೇಳಲ್ಲ. ನಾವೂ ಆ ಗುಂಪಿನಲ್ಲೇ ನಿಂತಿರ್ತೀವಿ.

ಇನ್ನು ಮೊತ್ತ. ಪ್ರತಿಯೊಬ್ಬ ಪ್ರಜೆಗೂ 75 ಡ್ರಾಕ್ಮಾ, ಜೊತೆಗೆ ಟೈಬರ್ ನದಿ ದಡದ ಸೀಸರನ ತೋಟಗಳು ಸಾರ್ವಜನಿಕರಿಗೆ. ಇದು ಸಣ್ಣ ದುಡ್ಡಲ್ಲ. ಇತಿಹಾಸಕಾರರ ಲೆಕ್ಕದಲ್ಲಿ ಆಗಿನ ಸೈನಿಕನ ವರ್ಷದ ಸಂಬಳ 225 ದಿನಾರಿ. ಡ್ರಾಕ್ಮಾವನ್ನು ದಿನಾರಿಗೆ ಸಮ ಅಂತ ಹಿಡಿದರೆ ಇದು ನಾಲ್ಕು ತಿಂಗಳ ಸಂಬಳ. ಆದರೆ ಶೇಕ್ಸ್‌ಪಿಯರ್‌ನ ಜಾಣತನ ನೋಡಿ, ಮೊತ್ತ ಕೇಳೋ ಮೊದಲೇ ಜನ ಬೆಂಕಿ ಹಚ್ಚೋಕೆ ಹೊರಟಾಗಿರುತ್ತೆ. ಉಯಿಲು ಮರೆತ್ರಲ್ಲಾ ಅಂತ ಆಂಟನಿಯೇ ವಾಪಸ್ ಕರೀಬೇಕಾಗುತ್ತೆ. ಅಂದ್ರೆ ಜನ ದುಡ್ಡಿಗೆ ಮಾರಿಕೊಂಡರು ಅನ್ನೋ ಗೈಡ್‌ನ ಉತ್ತರ ಪೂರ್ತಿ ಸರಿಯಿಲ್ಲ. ಕೋಪ ಮೊದಲು ಬಂತು, ದುಡ್ಡು ಅದಕ್ಕೆ ಹಾಕಿದ ಮೊಹರು.

ಆಮೇಲಿನ ದೃಶ್ಯದಲ್ಲಿ ಅದೇ ಜನ ಸಿನ್ನಾ ಅನ್ನೋ ಕವಿಯನ್ನು ಹಿಡೀತಾರೆ. ಪಿತೂರಿಗಾರರಲ್ಲೂ ಒಬ್ಬ ಸಿನ್ನಾ ಇದ್ದ. ನಾನು ಅವನಲ್ಲ, ಕವಿ ಅಂತ ಇವನು ಗೋಗರೆದರೂ ಬಿಡಲ್ಲ. ಹೆಸರೊಂದೇ ಸಾಕಾಯ್ತು.

ಈಗ ಪುಟ ತಿರುಗಿಸಿ 4ನೇ ಅಂಕ, 1ನೇ ದೃಶ್ಯಕ್ಕೆ ಬನ್ನಿ. ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಮೂವರೂ ಮೇಜಿನ ಸುತ್ತ ಕೂತು ಯಾರು ಯಾರು ಸಾಯಬೇಕು ಅಂತ ಪಟ್ಟಿ ಮಾಡ್ತಿದ್ದಾರೆ. ನಿನ್ನ ಅಣ್ಣತಮ್ಮನನ್ನು ನೀನು ಬಿಟ್ಟುಕೊಡು, ನನ್ನ ಅಕ್ಕತಂಗಿಯ ಮಗನನ್ನು ನಾನು ಬಿಟ್ಟುಕೊಡ್ತೀನಿ ಅನ್ನೋ ಥರ ಚೌಕಾಸಿ. ಅದರ ನಡುವೆ ಆಂಟನಿ ಸಲೀಸಾಗಿ ಒಂದು ಮಾತು ಹೇಳ್ತಾನೆ: ಸೀಸರನ ಮನೆಯಿಂದ ಆ ಉಯಿಲು ತಗೊಂಡು ಬಾ, ಅದರಲ್ಲಿ ಕೊಡಬೇಕಾದ್ದನ್ನು ಹೇಗೆ ಕಡಿಮೆ ಮಾಡೋದು ನೋಡೋಣ.

ಅದೇ ಉಯಿಲು! ಜನರ ಮುಂದೆ ಕಣ್ಣೀರಿಟ್ಟು ಓದಿದ ಉಯಿಲು. ಒಂದೆರಡು ಸಾಲಿನಲ್ಲಿ ಬಂದು ಹೋಗೋ ಮಾತು, ಅಂಡರ್‌ಲೈನ್ ಮಾಡದಿದ್ರೆ ಕಣ್ಣಿಗೇ ಬೀಳಲ್ಲ. ಘೋಷಣೆ ಆದದ್ದು ಬಯಲಲ್ಲಿ, ಕಡಿತ ಆಗ್ತಿರೋದು ಬಾಗಿಲು ಹಾಕಿದ ಕೋಣೆಯಲ್ಲಿ.

ನಿಜವಾದ ಇತಿಹಾಸದಲ್ಲಿ ಏನಾಯ್ತು ಅಂತ ಕೇಳ್ತೀರಾ? ಆಕ್ಟೇವಿಯಸ್ ಮುಂದೆ ಅಗಸ್ಟಸ್ ಚಕ್ರವರ್ತಿಯಾದ. ತಂದೆಯ ಉಯಿಲಿನ ಪ್ರಕಾರ ತಲಾ 300 ಸೆಸ್ಟರ್ಸ್ ಕೊಟ್ಟೆ ಅಂತ, ತಾನು ಹಂಚಿದ ಯಾವ ದಾನವೂ ಎರಡೂವರೆ ಲಕ್ಷ ಜನಕ್ಕಿಂತ ಕಡಿಮೆಗೆ ಸಿಕ್ಕಿಲ್ಲ ಅಂತ ತನ್ನ ಸಾಧನೆಯ ಶಾಸನದಲ್ಲಿ ಹೇಳ್ಕೊಂಡಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ದಿನಾರಿ, ಅಂದ್ರೆ ಅದೇ 75. ಗುಣಿಸಿ ನೋಡಿ, ಕಡಿಮೆ ಅಂದ್ರೂ ಏಳೂವರೆ ಕೋಟಿ ಸೆಸ್ಟರ್ಸ್. ಹಾಗಾಗಿ ಇತಿಹಾಸದ ಉತ್ತರ ಬೇರೆ, ನಾಟಕದ ಉತ್ತರ ಬೇರೆ. ಪರೀಕ್ಷೆಯಲ್ಲಿ ನಾಟಕದ್ದನ್ನೇ ಬರೀರಿ ಮಕ್ಕಳೇ.

ಬ್ರೂಟಸ್‌ನ ಖಾತೆಯೂ ಸ್ವಚ್ಛ ಅಲ್ಲ

4ನೇ ಅಂಕದ 3ನೇ ದೃಶ್ಯದಲ್ಲಿ ಬ್ರೂಟಸ್-ಕ್ಯಾಸಿಯಸ್ ಜಗಳ. ನೀನು ಲಂಚ ತಿಂತೀಯ ಅಂತ ಬ್ರೂಟಸ್ ಬೈತಾನೆ. ಅದೇ ಉಸಿರಿನಲ್ಲಿ, ನನ್ನ ಸೈನಿಕರಿಗೆ ಸಂಬಳ ಕೊಡೋಕೆ ಚಿನ್ನ ಕೇಳಿದ್ದೆ, ನೀನು ಕಳಿಸಲಿಲ್ಲ ಅಂತಾನೆ. ತಾನು ಬಡವರನ್ನು ಹಿಂಡಿ ದುಡ್ಡು ಎತ್ತಲಾರನಂತೆ. ಎತ್ತಿದವನ ದುಡ್ಡು ಮಾತ್ರ ಬೇಕು. ಕೈ ಕೊಳೆ ಆಗಬಾರದು, ಕೆಲಸ ಮಾತ್ರ ಆಗಬೇಕು. ಇಲ್ಲಿ ಅವನನ್ನು ನೋಡಿ ನಗಬಹುದು. ಆದರೆ ನಮ್ಮ ಮನೆ, ಆಫೀಸು, ಊರು ನೆನಪಿಗೆ ಬಂದ್ರೆ ನಗು ನಿಲ್ಲುತ್ತೆ.

ಕೊನೆಗೆ ಕ್ಯಾಸಿಯಸ್ ಸಾಯೋದೂ ತಪ್ಪು ವರದಿಯಿಂದಲೇ. ಟಿಟಿನಿಯಸ್‌ನನ್ನು ಕುದುರೆ ಸವಾರರು ಸುತ್ತುವರಿದದ್ದನ್ನು ದೂರದಿಂದ ನೋಡಿದ ಪಿಂಡಾರಸ್, ಸೆರೆ ಸಿಕ್ಕ ಅಂತ ಕೂಗ್ತಾನೆ. ಆ ಸವಾರರು ಸ್ವಂತ ಪಕ್ಷದವರು! ಯಾರೂ ಹೋಗಿ ನೋಡಲಿಲ್ಲ. ಮೊದಲ ಅಂಕದ ಕಳ್ಳ ಪತ್ರದಿಂದ ಐದನೇ ಅಂಕದ ಈ ಕೂಗಿನವರೆಗೆ, ಈ ನಾಟಕದಲ್ಲಿ ಜನ ಸಾಯೋದು ಪರಿಶೀಲಿಸದ ಮಾಹಿತಿಗೆ.

ಹಾಗಾದ್ರೆ ಹೇಗೆ ಓದೋದು?

ಪೇಪರ್ 80 ಅಂಕಕ್ಕೆ, ಇನ್ನು 20 ಇಂಟರ್ನಲ್. ಗೈಡ್ ಬೇಡ ಅಂತ ನಾನು ಹೇಳಲ್ಲ, ಹಳೇ ಇಂಗ್ಲಿಷ್‌ನ ಅರ್ಥಕ್ಕೆ ಅದು ಬೇಕು. ಆದರೆ ಮೂರು ಕೆಲಸ ಮಾಡಿ. ಒಂದು, ಭಾಷಣದ ದೃಶ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಅಪ್ಪ-ಅಮ್ಮ ಗುಂಪಿನ ಮಾತು ಓದಲಿ, ಗುಂಪು ಯಾವ ಸಾಲಿಗೆ ತಿರುಗಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎರಡು, ಆಂಟನಿಯ ಪ್ರತಿ ಮಾತಿನ ಪಕ್ಕ 'ಇದು ಇವನಿಗೆ ಹೇಗೆ ಗೊತ್ತು?' ಅಂತ ಬರೀರಿ. ಸೀಸರ್ ಮೂರು ಸಲ ಕಿರೀಟ ಬೇಡ ಅಂದ ಅಂತ ಅವನು ಹೇಳ್ತಾನೆ. 1ನೇ ಅಂಕದಲ್ಲಿ ಕ್ಯಾಸ್ಕಾ ಅದೇ ಘಟನೆಯನ್ನು ಹೇಗೆ ವರ್ಣಿಸಿದ್ದ ಅಂತ ಹೋಲಿಸಿ. ಮೂರು, ಉಯಿಲು ಓದೋ ದೃಶ್ಯ, ಉಯಿಲು ಕತ್ತರಿಸೋ ದೃಶ್ಯ ಎರಡನ್ನೂ ಒಂದೇ ದಿನ ಓದಿ.

ಹತ್ತನೇ ಕ್ಲಾಸಿನ ಮಗು ಇನ್ನು ಎರಡು-ಮೂರು ವರ್ಷದಲ್ಲಿ ವೋಟ್ ಹಾಕುತ್ತೆ. ಅಷ್ಟರಲ್ಲಿ ಅದರ ಮುಂದೆ ಎಷ್ಟೋ ಜನ ನಿಂತು ಅಳ್ತಾರೆ, ಎಷ್ಟೋ ಉಯಿಲು ಓದ್ತಾರೆ. 'ಮೊತ್ತ ಸರಿ, ಕೊಡೋದು ಯಾವಾಗ? ಲೆಕ್ಕ ಎಲ್ಲಿ?' ಅಂತ ಕೇಳೋ ಅಭ್ಯಾಸ ಒಂದು ಇಂಗ್ಲಿಷ್ ಪಾಠದಿಂದ ಬಂದ್ರೆ, ಮನೆಯಲ್ಲಿ ಕೇಳಿದ ಪ್ರಶ್ನೆಗೆ ಅದೇ ಉತ್ತರ. ಇದು ಓದಿ ಬರೋದು ಅದು.