ಒಂದೇ ತೋಟಕ್ಕೆ ಎಷ್ಟು ಹೆಸರು? ಬೆಳೆ ವರ್ಗೀಕರಣದ ಬಗ್ಗೆ ಸದಸ್ಯರಿಗೆ ಕೆಲವು ಮಾತು



"ನಮ್ಮದು ಅಡಿಕೆ ತೋಟವೋ, ಕಾಫಿ ತೋಟವೋ, ಮಿಶ್ರ ಬೆಳೆಯೋ? ಅರ್ಜಿಯಲ್ಲಿ ಏನೆಂದು ಬರೆಯಲಿ?" ಸಂಘದ ಕಚೇರಿಯ ಮೇಜಿನ ಮುಂದೆ ನಿಂತು ಈ ಪ್ರಶ್ನೆ ಕೇಳದ ಸದಸ್ಯರು ಕಡಿಮೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ನಡುವೆ ಕಾಫಿ ಗಿಡವಿದೆ, ಬಸಿಗಾಲುವೆಯ ಅಂಚಿಗೆ ಬಾಳೆಯಿದೆ, ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಅರ್ಜಿಯಲ್ಲಿ ಬೆಳೆಯ ಹೆಸರಿಗೆ ಬಿಟ್ಟ ಜಾಗ ಮಾತ್ರ ಒಂದೇ ಗೆರೆ. ಹೀಗಾಗಿ ಕೆಲವರು "ಮಿಶ್ರ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಒಂದು ಪದದಿಂದ ವಿಮೆಯ ಹಣ, ಪಂಪ್‌ಸೆಟ್ಟಿನ ಬಿಲ್ಲು, ಬ್ಯಾಂಕಿನ ಸಾಲ ಇವೆಲ್ಲಕ್ಕೂ ತೊಡಕು ಬರಬಹುದೆಂಬುದು ಆಮೇಲೆ ತಿಳಿಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ವರ್ಗೀಕರಣದ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ಹಿರಿಯರ ಲೆಕ್ಕ

ನಮ್ಮ ಹಿರಿಯರಿಗೆ ಭೂಮಿ ಮೂರೇ ಬಗೆಯದು: ತರಿ, ಖುಷ್ಕಿ, ಬಾಗಾಯ್ತು. ನೀರು ನಿಲ್ಲುವ ಗದ್ದೆ ತರಿ, ಮಳೆಯನ್ನೇ ನೆಚ್ಚಿದ ಹೊಲ ಖುಷ್ಕಿ, ಗಿಡಮರಗಳ ತೋಟ ಬಾಗಾಯ್ತು. ಕಂದಾಯ ಕಟ್ಟಲು ಇಷ್ಟು ಸಾಕಾಗಿತ್ತು. ಈ ಲೆಕ್ಕ ಕೇಳುವುದು ಭೂಮಿಯ ಗುಣವನ್ನು, ಅಲ್ಲಿ ಬೆಳೆದ ಮಾಲಿನ ಹೆಸರನ್ನಲ್ಲ. ಇಂದಿನ ಇಲಾಖೆಗಳಾದರೋ ಬೇರೆ ಬೇರೆ ಪ್ರಶ್ನೆ ಕೇಳುತ್ತವೆ. ಒಂದು ಇಲಾಖೆಗೆ ಆದಾಯ ಯಾವುದರಿಂದ ಎಂಬುದು ಬೇಕು, ಇನ್ನೊಂದಕ್ಕೆ ಎಷ್ಟು ಎಕರೆ ಎಂಬುದು ಬೇಕು, ಮತ್ತೊಂದಕ್ಕೆ ಮಾಲು ತೋಟದಿಂದ ಯಾವ ರೂಪದಲ್ಲಿ ಹೊರಬಿತ್ತು ಎಂಬುದು ಬೇಕು. ಪ್ರಶ್ನೆ ಬೇರೆಯಾದ್ದರಿಂದ ಉತ್ತರವೂ ಬೇರೆಯಾಗುತ್ತದೆ. ಒಂದೇ ತೋಟಕ್ಕೆ ಹಲವು ಹೆಸರು ಬರಲು ಇದೇ ಕಾರಣ.

ಕೈಗಾರಿಕಾ ವರ್ಗೀಕರಣದಲ್ಲಿ ನಮ್ಮ ಸ್ಥಾನ

ದೇಶದ ಎಲ್ಲ ಉದ್ಯೋಗಗಳನ್ನೂ ಸಂಖ್ಯೆ ಕೊಟ್ಟು ವಿಂಗಡಿಸುವ ಪಟ್ಟಿಗೆ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವೆಂದು ಹೆಸರು. 1970ರಲ್ಲಿ ಬಂದ ಈ ಪಟ್ಟಿಯನ್ನು 1987, 1998, 2004 ಮತ್ತು 2008ರಲ್ಲಿ ಪರಿಷ್ಕರಿಸಲಾಯಿತು. "ಕೈಗಾರಿಕೆ" ಎಂಬ ಹೆಸರಿದ್ದರೂ ಬೇಸಾಯವೂ ಇದರಲ್ಲಿ ಸೇರಿದೆ. 2008ರ ಪಟ್ಟಿಯು ವಿಶ್ವಸಂಸ್ಥೆಯ ಪಟ್ಟಿಯ ನಾಲ್ಕನೆಯ ಪರಿಷ್ಕರಣವನ್ನು ಅನುಸರಿಸಿದೆ. ಅದರಲ್ಲಿ ಬೇಸಾಯದ ವಿಭಾಗ 01. ಬಹುವಾರ್ಷಿಕವಲ್ಲದ ಬೆಳೆಗಳು 011, ಬಹುವಾರ್ಷಿಕ ಬೆಳೆಗಳು 012, ಪಶುಪಾಲನೆ 014. ಭತ್ತಕ್ಕೆ 0112, ಬಾಳೆಯಂಥ ಉಷ್ಣವಲಯದ ಹಣ್ಣಿಗೆ 0122, ಕಾಫಿ ಚಹಾಗಳಿಗೆ 0127, ಮೆಣಸು ಏಲಕ್ಕಿ ಮೊದಲಾದ ಸಂಬಾರಕ್ಕೆ 0128.

ಇಲ್ಲಿ ಸದಸ್ಯರು ಮುಖ್ಯವಾಗಿ ಗಮನಿಸಬೇಕಾದದ್ದು 0150 ಎಂಬ ಸಂಖ್ಯೆ. ಇದಕ್ಕೆ "ಮಿಶ್ರ ಬೇಸಾಯ" ಎಂದು ಹೆಸರು. ನಮ್ಮಲ್ಲಿ ಅನೇಕರು ಅಡಿಕೆ, ಕಾಫಿ, ಮೆಣಸು ಕೂಡಿದ ತೋಟವನ್ನು ಇದಕ್ಕೆ ಸೇರಿದ್ದೆಂದು ತಿಳಿಯುತ್ತಾರೆ. ಅದು ತಪ್ಪು. ಈ ಪಟ್ಟಿಯ ಪ್ರಕಾರ ಮಿಶ್ರ ಬೇಸಾಯವೆಂದರೆ ಬೆಳೆ ಮತ್ತು ಜಾನುವಾರು ಎರಡೂ ಕೂಡಿ ನಡೆಯುವ, ಯಾವುದೊಂದೂ ಪ್ರಧಾನವಾಗದ ಬೇಸಾಯ. ಐದಾರು ಬೆಳೆಗಳಿದ್ದೂ ಜಾನುವಾರಿನ ಆದಾಯವಿಲ್ಲದ ತೋಟ ಮಿಶ್ರ ಬೆಳೆಯ ತೋಟವೇ ಹೊರತು ಮಿಶ್ರ ಬೇಸಾಯವಲ್ಲ. ಅದನ್ನು 011 ಅಥವಾ 012ರಲ್ಲಿಯೇ ಸೇರಿಸಬೇಕು.

ಎಮ್ಮಿಗನೂರಿನ ಒಂದು ಉದಾಹರಣೆ

ಇದು ಸ್ಪಷ್ಟವಾಗಲು ಮಲೆನಾಡನ್ನು ಬಿಟ್ಟು ಬಯಲುಸೀಮೆಯ ಒಂದು ಉದಾಹರಣೆ ನೋಡೋಣ. ಅಲ್ಲಿ ಗದ್ದೆ ಮತ್ತು ಕೊಟ್ಟಿಗೆ ಎರಡೂ ಆದಾಯದ ಮೂಲವಾದ್ದರಿಂದ ಲೆಕ್ಕ ಸುಲಭ. ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ ಒಬ್ಬ ರೈತ ಭತ್ತ ಬೆಳೆಯುತ್ತಾನೆ, ಜೊತೆಗೆ ಎಮ್ಮೆ ಕಟ್ಟಿ ಹಾಲು ಹಾಕುತ್ತಾನೆ ಎಂದು ಭಾವಿಸೋಣ. ಖರ್ಚು ಕಳೆದು ಭತ್ತದಿಂದ 1,20,000 ರೂಪಾಯಿ, ಹಾಲಿನಿಂದ 80,000 ರೂಪಾಯಿ ಉಳಿಯಿತು. ಒಟ್ಟು ಎರಡು ಲಕ್ಷದಲ್ಲಿ ಭತ್ತದ ಪಾಲು ನೂರಕ್ಕೆ 60. ಈ ಪಟ್ಟಿಯ ಗೆರೆ ನೂರಕ್ಕೆ 66. ಬೆಳೆಯಾಗಲಿ ಜಾನುವಾರಾಗಲಿ ಆ ಗೆರೆಯನ್ನು ಮುಟ್ಟಲಿಲ್ಲವಾದ್ದರಿಂದ ಇದು ಮಿಶ್ರ ಬೇಸಾಯ, ಸಂಖ್ಯೆ 0150. ಮರುವರ್ಷ ಒಂದು ಎಮ್ಮೆ ಮಾರಿದ, ಹಾಲಿನಿಂದ 50,000 ಉಳಿಯಿತು, ಭತ್ತದಿಂದ 1,50,000 ಉಳಿಯಿತು ಎಂದರೆ ಭತ್ತದ ಪಾಲು 75. ಆಗ ಅದು ಭತ್ತದ ಬೇಸಾಯ, ಸಂಖ್ಯೆ 0112. ಜಮೀನಿನ ವಿಸ್ತೀರ್ಣ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನಮ್ಮ ತೋಟಕ್ಕೆ ಬರೋಣ. ನಾಲ್ಕು ಎಕರೆಯ ಒಂದು ತೋಟದಲ್ಲಿ ಅಡಿಕೆಯಿಂದ ಆರು ಲಕ್ಷ, ಕಾಫಿಯಿಂದ ಎರಡು ಲಕ್ಷ, ಮೆಣಸಿನಿಂದ ಒಂದೂವರೆ ಲಕ್ಷ, ಬಾಳೆಯಿಂದ ಅರ್ಧ ಲಕ್ಷ ಉಳಿಯಿತೆನ್ನೋಣ. ಎಲ್ಲವೂ ಬಹುವಾರ್ಷಿಕ ಗುಂಪಿಗೇ ಸೇರಿದವು. ಅವುಗಳಲ್ಲಿ ಹೆಚ್ಚು ಮೌಲ್ಯ ತಂದದ್ದು ಅಡಿಕೆ, ಆದ್ದರಿಂದ ಇದು ಅಡಿಕೆ ತೋಟ. ಮುಂದಿನ ವರ್ಷ ಕೊಳೆರೋಗ ಬಂದು ಅಡಿಕೆ ಮೂರೂವರೆ ಲಕ್ಷಕ್ಕಿಳಿದು, ಕಾಫಿಗೆ ಒಳ್ಳೆಯ ಧಾರಣೆ ಬಂದು ನಾಲ್ಕು ಲಕ್ಷವಾದರೆ ಲೆಕ್ಕದ ಪ್ರಕಾರ ಅದೇ ತೋಟ ಕಾಫಿ ತೋಟವಾಯಿತು! ಒಂದು ಗಿಡವನ್ನೂ ಕಿತ್ತಿಲ್ಲ, ಒಂದು ಗಿಡವನ್ನೂ ನೆಟ್ಟಿಲ್ಲ. ಈ ಕಾರಣದಿಂದಲೇ ಒಂದು ವರ್ಷದ ಏರಿಳಿತವನ್ನು ನೋಡಿ ವರ್ಗವನ್ನು ಪದೇ ಪದೇ ಬದಲಿಸಬಾರದೆಂಬುದು ಲೆಕ್ಕಪಟ್ಟಿಗಳ ಸಾಮಾನ್ಯ ನೀತಿ.

ಅಮೆರಿಕದವರು ಇದಕ್ಕೆ ಬೇರೊಂದು ಗೆರೆ ಎಳೆದಿದ್ದರು. ಅವರ 1987ರ ಪಟ್ಟಿಯಲ್ಲಿ ಮಾರಾಟದ ಅರ್ಧ ಭಾಗ ಒಂದೇ ಗುಂಪಿನ ಬೆಳೆಯಿಂದ ಬಂದರೆ ಆ ಬೆಳೆಯ ಹೆಸರು. ಯಾವುದೂ ಅರ್ಧ ಮುಟ್ಟದಿದ್ದರೆ 0191, ಅಂದರೆ "ಸಾಮಾನ್ಯ ಬೆಳೆ ತೋಟ". 

ಅಡಿಕೆಗೆ ಮನೆ ಯಾವುದು?

ಕಾಫಿಗೆ 1942ರ ಕಾಯಿದೆಯೂ ಕಾಫಿ ಮಂಡಳಿಯೂ ಇವೆ. ಮೆಣಸು ಏಲಕ್ಕಿಗಳಿಗೆ 1986ರ ಕಾಯಿದೆಯಂತೆ ಬಂದ ಸಂಬಾರ ಮಂಡಳಿಯಿದೆ. ಇವೆರಡೂ ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಸೇರಿದವು. ಅಡಿಕೆಗೆ ಅಂಥ ಮಂಡಳಿಯಿಲ್ಲ, ಅದು ಕೃಷಿ ಸಚಿವಾಲಯದ ಕೆಳಗಿನ ಕಲ್ಲಿಕೋಟೆಯ ಅಡಿಕೆ ಮತ್ತು ಸಂಬಾರ ಅಭಿವೃದ್ಧಿ ನಿರ್ದೇಶನಾಲಯದ ಪಾಲಿಗೆ ಬಂದಿದೆ. ಧಾರಣೆ ಕುಸಿದ ಕಾಲದಲ್ಲಿ ಬೆಳೆಗಾರರು ತಾವೇ ಒಂದಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡದ್ದು ಸದಸ್ಯರಿಗೆ ತಿಳಿದೇ ಇದೆ.

ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೆಂಗು, ಅಡಿಕೆ, ಕೊಕ್ಕೊಗಳನ್ನು ತೋಟದ ಬೆಳೆಗಳೆಂದೇ ಕಾಣುತ್ತದೆ. ಆದರೆ 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯಲ್ಲಿ "ತೋಟದ ಬೆಳೆ" ಎಂದರೆ ಏಲಕ್ಕಿ, ಕಾಫಿ, ಮೆಣಸು, ರಬ್ಬರ್, ಚಹಾ ಈ ಐದು ಮಾತ್ರ. 104ನೆಯ ಕಲಮಿನಂತೆ ಭೂಮಿತಿಯ ವಿನಾಯಿತಿ ಇರುವುದು ಪ್ರಧಾನವಾಗಿ ಈ ಐದನ್ನು ಬೆಳೆಯುವ ಭೂಮಿಗೆ. ಅಡಿಕೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಸುಂಕದ ಪಟ್ಟಿಗೆ ಹೋದರೆ ಕಾಫಿ 0901, ಮೆಣಸು 0904, ಅಡಿಕೆಯೋ 0802ರಲ್ಲಿ ಬಾದಾಮಿ, ಗೋಡಂಬಿಗಳಂಥ ಬೀಜಕಾಯಿಗಳ ಸಾಲಿನ ಹತ್ತಿರ!

ಸಣ್ಣ ಬೆಳೆಗಾರ ಯಾರು?

ವಿಸ್ತೀರ್ಣದ ಲೆಕ್ಕದಲ್ಲಿಯೂ ಇದೇ ಗೊಂದಲ. ಕಾಫಿ ಮಂಡಳಿಗೆ 10 ಹೆಕ್ಟೇರಿನವರೆಗೆ, ಅಂದರೆ ಸುಮಾರು 25 ಎಕರೆಯವರೆಗೆ, ಎಲ್ಲರೂ ಸಣ್ಣ ಬೆಳೆಗಾರರು. ಕೃಷಿ ಗಣತಿಯಲ್ಲಾದರೋ 1 ಹೆಕ್ಟೇರಿನ ಒಳಗೆ ಅತಿಸಣ್ಣ, 1ರಿಂದ 2 ಸಣ್ಣ, 2ರಿಂದ 4 ಅರೆಮಧ್ಯಮ, 4ರಿಂದ 10 ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ದೊಡ್ಡ ಹಿಡುವಳಿ. 20 ಎಕರೆ ಕಾಫಿ ಇರುವವರು ಮಂಡಳಿಯಲ್ಲಿ ಸಣ್ಣವರು, ಗಣತಿಯಲ್ಲಿ ಮಧ್ಯಮದವರು. ಸಹಾಯಧನದ ಪ್ರಕಟಣೆಯಲ್ಲಿ "ಸಣ್ಣ" ಎಂದು ಕಂಡೊಡನೆ ಅದು ಯಾವ ಅಳತೆಯ ಸಣ್ಣ ಎಂದು ಮೊದಲು ಕೇಳಬೇಕು.

ಜೇಬಿಗೆ ತಾಗುವ ಕಡೆಗಳು

ಹೆಸರಿನಲ್ಲೇನಿದೆ ಎನ್ನುವವರು ವಿದ್ಯುತ್ ಬಿಲ್ಲನ್ನು ನೋಡಬೇಕು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ಉಚಿತ ವಿದ್ಯುತ್ತಿನ ಸೌಲಭ್ಯ ಬಂದಾಗ ದರಪಟ್ಟಿಯಲ್ಲಿ ಕಾಫಿ, ಚಹಾ, ರಬ್ಬರ್ ತೋಟಗಳನ್ನು ಬೇರೆ ಮಾಡಿ, ಖಾಸಗಿ ಸಸ್ಯಕ್ಷೇತ್ರಗಳ ಜೊತೆ ಎಲ್‌ಟಿ-4(ಸಿ) ಎಂಬ ವರ್ಗದಲ್ಲಿಟ್ಟು ಹಣ ವಸೂಲು ಮಾಡಲಾಯಿತು. ಬೇಲಿಯ ಈಚೆ ಅಡಿಕೆಗೆ ಹರಿದ ನೀರಿಗೆ ಬಿಲ್ಲಿರಲಿಲ್ಲ, ಆಚೆ ಕಾಫಿಗೆ ಹರಿದ ನೀರಿಗೆ ಬಿಲ್ಲಿತ್ತು. ಬೆಳೆಗಾರರ ಸಂಘಟನೆಗಳು ಈ ಭೇದ ಹೋಗಬೇಕೆಂದು ಬಹುಕಾಲ ಕೇಳುತ್ತ ಬಂದವು. ಎರಡೂ ಬೆಳೆಯಿರುವ ತೋಟದ ಪಂಪ್‌ಸೆಟ್ಟು ಯಾವ ಹೆಸರಿನಲ್ಲಿ ಮಂಜೂರಾಗಿದೆ ಎಂಬುದನ್ನು ಪ್ರತಿಯೊಬ್ಬರೂ ನೋಡಿಕೊಳ್ಳಬೇಕು.

ಎರಡನೆಯದು ಸಾಲ. 2002ರ ಸರ್‌ಫೇಸಿ ಕಾಯಿದೆಯಂತೆ ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ಹರಾಜು ಹಾಕಬಹುದು, ಆದರೆ ಕೃಷಿ ಭೂಮಿಗೆ ಅದರಲ್ಲಿ ವಿನಾಯಿತಿಯಿದೆ. ಕಾಫಿ ತೋಟಗಳು ಹರಾಜಿಗೆ ಬಂದಾಗ ತೋಟವೂ ಕೃಷಿ ಭೂಮಿಯೇ ಎಂದು ಬೆಳೆಗಾರರು ಹೋರಾಡಬೇಕಾಯಿತು. ಪಹಣಿಯಲ್ಲಿ ಕೃಷಿ ಭೂಮಿಯೆಂದು ಬರೆದಿದ್ದ ಮಾತ್ರಕ್ಕೆ ಸಾಲದು, ಭದ್ರತೆ ಕೊಟ್ಟಾಗ ಭೂಮಿಯ ಸ್ವರೂಪ ಮತ್ತು ಬಳಕೆ ಏನಿತ್ತೆಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಹೇಳಿತು. ಕಾಗದದಷ್ಟೇ ತೋಟದ ನಿಜಸ್ಥಿತಿಯೂ ಮುಖ್ಯವೆಂದು ಇದರಿಂದ ತಿಳಿಯಬೇಕು.

ಮೂರನೆಯದು ತೆರಿಗೆ. 2002ರಲ್ಲಿ ಆದಾಯ ತೆರಿಗೆ ನಿಯಮಾವಳಿಗೆ ಸೇರಿದ 7ಬಿ ನಿಯಮವು ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ನೂರಕ್ಕೆ 25 ಭಾಗವನ್ನು, ಹುರಿದು ಪುಡಿ ಮಾಡಿ ಮಾರಿದರೆ 40 ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸಿತು. ಗಿಡ ಅದೇ, ಬೆಳೆಗಾರನೂ ಅವನೇ. ಮಾಲು ಯಾವ ರೂಪದಲ್ಲಿ ಮನೆ ಬಿಟ್ಟಿತೆಂಬುದರ ಮೇಲೆ ಬೇಸಾಯದ ಒಂದು ಪಾಲು ವ್ಯಾಪಾರವಾಯಿತು.

ನಾಲ್ಕನೆಯದು ವಿಮೆ, ನಮ್ಮ ಸಣ್ಣ ಸದಸ್ಯರಿಗೆ ಎಲ್ಲಕ್ಕಿಂತ ಹತ್ತಿರದ್ದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಬೇರೆ, ಕಾಳುಮೆಣಸಿಗೆ ಬೇರೆ ಕಂತು ಕಟ್ಟುತ್ತೇವೆ. ಕಟ್ಟಿದ ಬೆಳೆಯನ್ನೂ ವಿಸ್ತೀರ್ಣವನ್ನೂ ಬೆಳೆ ಸಮೀಕ್ಷೆಯ ದಾಖಲೆಯೊಡನೆ ತಾಳೆ ನೋಡುತ್ತಾರೆ. ಸಮೀಕ್ಷೆಯಲ್ಲಿ ಅಡಿಕೆಯೊಂದೇ ನಮೂದಾಗಿದ್ದರೆ ಮೆಣಸಿಗೆ ಕಟ್ಟಿದ ಕಂತಿನ ಗತಿಯೇನು? ಹೀಗೆ ತಾಳೆಯಾಗದೆ ಪರಿಹಾರ ತಪ್ಪಿದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆದವರು ನಮ್ಮಲ್ಲಿಯೂ ಇದ್ದಾರೆ.

ಸದಸ್ಯರು ಮಾಡಬೇಕಾದದ್ದು

1. "ಮಿಶ್ರ" ಎಂಬ ಒಂದೇ ಪದವನ್ನು ಎಲ್ಲಿಯೂ ಬರೆಯಬೇಡಿ, ಬರೆಯಿಸಬೇಡಿ. ಪ್ರತಿ ಬೆಳೆಯ ಹೆಸರು, ಗಿಡಗಳ ಸಂಖ್ಯೆ, ಎಕರೆ ಗುಂಟೆ ಬೇರೆ ಬೇರೆಯಾಗಿ ನಮೂದಾಗಲಿ.

2. ಬೆಳೆ ಸಮೀಕ್ಷೆಯ ದಿನ ತೋಟದಲ್ಲಿ ಖುದ್ದಾಗಿ ಇರಿ. ಅಂತರಬೆಳೆಯನ್ನು ಸಮೀಕ್ಷೆಗೆ ಬಂದವರಿಗೆ ತೋರಿಸಿ. ತಪ್ಪಾಗಿದ್ದರೆ ವಾಯಿದೆಯೊಳಗೆ ಆಕ್ಷೇಪಣೆ ಸಲ್ಲಿಸಿ.

3. ಪಹಣಿ, ಕಾಫಿ ಮಂಡಳಿಯ ನೋಂದಣಿ, ವಿಮೆಯ ರಸೀದಿ, ವಿದ್ಯುತ್ ಬಿಲ್ಲು, ಸಾಲದ ಪತ್ರ ಇವೈದನ್ನೂ ಒಟ್ಟಿಗಿಟ್ಟು ವರ್ಷಕ್ಕೊಮ್ಮೆ ಹೋಲಿಸಿ ನೋಡಿ.

4. ಪ್ರತಿ ಬೆಳೆಯ ಮಾರಾಟದ ಚೀಟಿಯನ್ನು ಬೇರೆ ಬೇರೆ ಕಟ್ಟಿಡಿ. ಯಾವ ಬೆಳೆಯಿಂದ ಎಷ್ಟು ಬಂತೆಂದು ಕೇಳಿದರೆ ತೋರಿಸಲು ಅದೇ ಆಧಾರ.

5. ಸಾಲಪತ್ರಕ್ಕೆ ರುಜು ಹಾಕುವ ಮೊದಲು ಅದರಲ್ಲಿ ಜಮೀನನ್ನು ಏನೆಂದು ವರ್ಣಿಸಿದ್ದಾರೆಂದು ಓದಿಸಿ ಕೇಳಿ.

ಹಲವು ಬೆಳೆ ಬೆಳೆಯುವುದು ನಮ್ಮ ಹಿರಿಯರು ಕಂಡುಕೊಂಡ ಜಾಣತನ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆಂಬ ನಂಬಿಕೆಯಿಂದ ಅವರು ಮರದ ಬುಡಕ್ಕೆ ಬಳ್ಳಿ ಹಬ್ಬಿಸಿದರು. ಆ ಜಾಣತನದ ಫಲ ಕಾಗದದಲ್ಲಿ ಕಳೆದುಹೋಗಬಾರದು. ನಮ್ಮ ತೋಟಕ್ಕೆ ಎಷ್ಟು ಹೆಸರಾದರೂ ಇರಲಿ, ಯಾವ ಕಚೇರಿಯಲ್ಲಿ ಯಾವ ಹೆಸರಿದೆ ಎಂಬುದು ನಮಗೆ ತಿಳಿದಿರಬೇಕು. ದಾಖಲೆ ಹೋಲಿಸಿ ನೋಡಲು ಸಹಾಯ ಬೇಕಾದವರು ಕಾಗದಗಳೊಡನೆ ಸಂಘದ ಕಚೇರಿಗೆ ಬರಬಹುದು. ಕುಳಿತು ಒಟ್ಟಿಗೆ ನೋಡೋಣ.