ಪಠ್ಯದ ಹೊರಗಿನ ಪಾಠ: ಹೊಯ್ಸಳ ನಾಡಿನ ಕಾಲೇಜು ಮಕ್ಕಳು

ಡಿಸೆಂಬರ್, ಜನವರಿ ತಿಂಗಳು ಬಂದಿತೆಂದರೆ ಬೇಲೂರು, ಹಳೇಬೀಡುಗಳ ದೇವಾಲಯಗಳ ಮುಂದೆ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ರಾತ್ರಿಯಿಡೀ ಪ್ರಯಾಣ ಮಾಡಿ ನಿದ್ದೆಗಣ್ಣಿನಲ್ಲಿ ಇಳಿಯುವ ವಿದ್ಯಾರ್ಥಿಗಳು ಒಂದು ಗಂಟೆಯೊಳಗೆ ಗುಡಿಯನ್ನು ಸುತ್ತಿ, ಫೋಟೋ ತೆಗೆಸಿಕೊಂಡು, ಚಿತ್ರಾನ್ನ ತಿಂದು, ಸಂಜೆಗೆ ಶ್ರವಣಬೆಳಗೊಳ ಸೇರಬೇಕು. ದೂರದಿಂದ ಬಂದವರ ಪಾಡು ಹೀಗಿರಲಿ. ಸೋಜಿಗದ ಸಂಗತಿ ಬೇರೆಯೇ ಇದೆ. ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಪದವಿ ತರಗತಿಗೆ ಹೋಗುತ್ತಿರುವ ನಮ್ಮ ಮನೆಯ ಹುಡುಗನನ್ನೋ ಹುಡುಗಿಯನ್ನೋ ಕರೆದು, “ನಿಮ್ಮೂರ ಗುಡಿಯ ಮುಂದಿನ ಕಲ್ಲಿನಲ್ಲಿ ಏನು ಬರೆದಿದೆ?” ಎಂದು ಕೇಳಿ ನೋಡಬೇಕು. “ಅದು ಹಳೆಗನ್ನಡ, ನಮಗೆ ತಿಳಿಯದು” ಎಂಬ ಉತ್ತರ ಬರುವುದು ಅಪರೂಪವೇನಲ್ಲ. ಮನೆಯಂಗಳದ ಬಾವಿಯ ಆಳ ಮನೆಯವರಿಗೇ ಗೊತ್ತಿಲ್ಲದ ಹಾಗಾಯಿತು.

ಕಾಲೇಜಿನ ಜೀವನವೆಂದರೆ ತರಗತಿ ಮತ್ತು ಪರೀಕ್ಷೆ ಇವೆರಡೇ ಎಂಬ ಭಾವನೆ ಈಚೆಗೆ ಬಲವಾಗಿ ಬೇರೂರಿದೆ. ಸೆಮಿಸ್ಟರ್ ಪದ್ಧತಿ ಬಂದ ಮೇಲಂತೂ ಒಂದು ಪರೀಕ್ಷೆಯ ಸುಸ್ತು ಆರುವ ಮುನ್ನ ಇನ್ನೊಂದು ಎದುರಿಗೆ ನಿಂತಿರುತ್ತದೆ. ಚರ್ಚಾಸ್ಪರ್ಧೆ, ನಾಟಕ, ಕನ್ನಡ ಸಂಘ, ಇತಿಹಾಸ ಸಂಘ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಇವೆಲ್ಲ ಓದಿಗೆ ಅಡ್ಡಿಯೆಂದು ತಂದೆತಾಯಿಗಳೇ ತಿಳಿಯುತ್ತಾರೆ. ಆದರೆ ನಮ್ಮ ವಿಶ್ವವಿದ್ಯಾಲಯದ ಹಿರಿಯರು ಹಾಗೆ ತಿಳಿದಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಆರಂಭವಾದುದು 1916ರ ಜುಲೈ 27ರಂದು. ಅದಾದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದಿತು. ತರಗತಿಯ ಪಾಠಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಕೆಲಸವದು. ಹೊಸಗನ್ನಡ ಸಾಹಿತ್ಯಕ್ಕೆ ಅದರಿಂದ ದೊರೆತ ಬಲವನ್ನು ಸಾಹಿತ್ಯ ಚರಿತ್ರೆ ಓದಿದವರೆಲ್ಲ ಬಲ್ಲರು.

ಹಾಸನ ಜಿಲ್ಲೆಯ ಪದವಿ ಕಾಲೇಜುಗಳು ಬಹುಕಾಲ ಆ ಮೈಸೂರು ವಿಶ್ವವಿದ್ಯಾಲಯದ ಆಶ್ರಯದಲ್ಲಿಯೇ ನಡೆದು ಬಂದವು. 2023ರಲ್ಲಿ ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಬಂದಿತು. ಮೈಸೂರಿನ ನಂಟು ಈ ನಾಡಿಗೆ ಕೊಟ್ಟ ದೊಡ್ಡ ಕಾಣಿಕೆ ಒಂದು ಕಲ್ಲಿನ ಕಥೆಯಾಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಹಳ್ಳಿಯಲ್ಲಿ ಹದಿನಾರು ಸಾಲಿನ ಬರಹವುಳ್ಳ ಕಲ್ಲೊಂದಿತ್ತು. ಊರವರಿಗೆ ಅದು ಇನ್ನೊಂದು ಕಲ್ಲು, ಅಷ್ಟೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಓದಿ, 1936ರ ವರದಿಯಲ್ಲಿ ಅದು ಸುಮಾರು ಕ್ರಿ.ಶ. 450ರ ಶಾಸನವೆಂದು ಪ್ರಕಟಿಸಿದರು. ಕದಂಬರ ಕಾಲದ ಒಬ್ಬ ವೀರನಿಗೆ ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಬಾಳ್ಗಳ್ಚು ಎಂದರೆ ಖಡ್ಗವನ್ನು ತೊಳೆದು ಕೊಡುವ ದಾನ. ಈಚೆಗೆ ತಾಳಗುಂದದ ಶಾಸನವೊಂದು ಇದಕ್ಕಿಂತಲೂ ಹಳೆಯದೆಂದು ವಿದ್ವಾಂಸರು ವಾದಿಸಿದ್ದಾರೆ. ಆ ಚರ್ಚೆ ನಡೆಯಲಿ. ಹಲ್ಮಿಡಿಯ ಹೆಸರು ಇಂದು ಕನ್ನಡ ಮಕ್ಕಳೆಲ್ಲರ ನಾಲಗೆಯ ಮೇಲಿರುವುದಕ್ಕೆ, ಒಬ್ಬ ಪ್ರಾಧ್ಯಾಪಕರು ಪಾಠದ ಕೋಣೆಯಿಂದ ಹೊರಗೆ ಬಂದು ಹಳ್ಳಿಯ ಹಾದಿ ಹಿಡಿದದ್ದೇ ಕಾರಣ.

ಹಳೇಬೀಡಿನ ವಿಷಯವೂ ಹಾಗೆಯೇ. ಹೊಯ್ಸಳೇಶ್ವರ ದೇವಾಲಯವನ್ನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನು 1121ರ ಸುಮಾರಿಗೆ ಕಟ್ಟಿಸಿದನೆಂದು ನಾವು ಓದುತ್ತೇವೆ. ಈ ಮಾತಿಗೆ ಆಧಾರವಾದ ಶಾಸನ ಸಿಕ್ಕಿದ್ದು ಗುಡಿಯಲ್ಲಲ್ಲ, ಕೆಲವು ಕಿಲೋಮೀಟರ್ ಆಚೆಯ ಘಟ್ಟದಹಳ್ಳಿಯಲ್ಲಿ! ಊರ ಹೊರಗಿನ ಕಲ್ಲನ್ನು ಯಾರೋ ಒಡೆದು ಅಡಿಪಾಯಕ್ಕೆ ಹಾಕಿದ್ದರೆ, ಅಷ್ಟು ದೊಡ್ಡ ಗುಡಿಯನ್ನು ಕಟ್ಟಿಸಿದವನ ಹೆಸರೇ ನಮಗೆ ಉಳಿಯುತ್ತಿರಲಿಲ್ಲ. ಇಂದಿಗೂ ಬಟ್ಟೆ ಒಗೆಯುವ ಕಲ್ಲಾಗಿ, ದನ ಕಟ್ಟುವ ಗೂಟವಾಗಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಕಾಣದ ಕನ್ನಡ ಹಳ್ಳಿಗ ಯಾರಿದ್ದಾನೆ?

ಇಲ್ಲಿಯೇ ಕಾಲೇಜು ಮಕ್ಕಳಿಗೆ ಮಾಡಲು ಕೈತುಂಬ ಕೆಲಸವಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟ ಪೂರ್ತಿಯಾಗಿ ಹಾಸನ ಜಿಲ್ಲೆಯದು, 1902ರಲ್ಲಿ ಪ್ರಕಟವಾಯಿತು. ಅನಂತರ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿದೆ. ಅವುಗಳಲ್ಲಿ ಶಾಸನಗಳನ್ನು ತಾಲ್ಲೂಕು, ಊರುಗಳ ಪ್ರಕಾರ ಜೋಡಿಸಲಾಗಿದೆ. ವಿದ್ಯಾರ್ಥಿಯು ತನ್ನ ಊರಿನ ಹೆಸರನ್ನು ಹುಡುಕಿ, ಅಲ್ಲಿ ಹೇಳಿದ ಕಲ್ಲು ಹೇಳಿದ ಜಾಗದಲ್ಲಿ ಇಂದೂ ಇದೆಯೇ, ಅಕ್ಷರ ಸವೆದಿದೆಯೇ, ಕಲ್ಲು ಮುರಿದಿದೆಯೇ ಎಂದು ನೋಡಿ ಬರೆದುಕೊಂಡರೆ ಸಾಕು. ಇದಕ್ಕೆ ಹಣ ಬೇಡ, ಒಂದು ಭಾನುವಾರ ಬೇಕು. ಇನ್ನೂ ಆಸಕ್ತಿಯುಳ್ಳವರು ಅಧ್ಯಾಪಕರ ಹಾಗೂ ಇಲಾಖೆಯವರ ಮಾರ್ಗದರ್ಶನದಲ್ಲಿ ಅಚ್ಚು ತೆಗೆಯುವುದನ್ನು ಕಲಿಯಬಹುದು. ಮೊದಲು ಕಲ್ಲನ್ನು ನೀರು ಹಾಕಿ ಮೃದುವಾಗಿ ತೊಳೆಯುವುದು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ತಟ್ಟುತ್ತ ಹೋಗುವುದು. ಕಾಗದ ಅಕ್ಷರಗಳ ತಗ್ಗಿನೊಳಕ್ಕೆ ಇಳಿದು ಅರ್ಧ ಒಣಗಿದ ಮೇಲೆ ಮಸಿಯ ಬಟ್ಟೆಯುಂಡೆಯಿಂದ ಮೆಲ್ಲಗೆ ಒತ್ತುವುದು. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಕಲ್ಲಿನಲ್ಲಿ ಕಣ್ಣಿಗೆ ಕಾಣದಿದ್ದ ಸಾಲು ಕಾಗದದಲ್ಲಿ ಕಾಣುವುದುಂಟು. ಸೀಮೆಸುಣ್ಣವನ್ನೋ ಬಣ್ಣವನ್ನೋ ಅಕ್ಷರಕ್ಕೆ ತುಂಬುವ ಕೆಟ್ಟ ಚಾಳಿಯನ್ನು ಮಾತ್ರ ಯಾರೂ ಮಾಡಬಾರದು.

ಗುಡಿಗಳಲ್ಲಿಯೂ ನೋಡುವ ಕಣ್ಣು ಬೇರೆಯಾದರೆ ಕಾಣುವುದೂ ಬೇರೆಯಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಆ ಮೂರ್ತಿಗಳಲ್ಲಿ ಕೆಲವುದರ ಕೆಳಗೆ ಕಡೆದ ಕುಶಲಿಗಳ ಹೆಸರಿರುವುದನ್ನು ನೋಡುವವರು ಕಡಿಮೆ. ದಾಸೋಜ, ಅವನ ಮಗ ಚಾವಣ, ಇವರು ಬಳ್ಳಿಗಾವೆಯವರು. ಬಳ್ಳಿಗಾವೆ ಎಂದೊಡನೆ ನಮ್ಮ ಓದುಗರಿಗೆ ಅಲ್ಲಮಪ್ರಭುಗಳ ನೆನಪಾಗದೆ ಇರದು. ಆ ಊರು ಎಂತಹ ಕಾಯಕಜೀವಿಗಳ ನೆಲೆಯಾಗಿತ್ತೆಂಬುದನ್ನು ಬೇಲೂರಿನ ಕಲ್ಲೇ ಹೇಳುತ್ತದೆ. ತಂದೆ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದು, ತಾವು ಮಾಡಿದ ಕೆಲಸಕ್ಕೆ ಹೆಮ್ಮೆಯಿಂದ ಹೆಸರು ಹಾಕಿದರು. ಅರಸೀಕೆರೆಯ ಶಿವಾಲಯವಂತೂ ರೈಲು ಹಿಡಿಯುವ ಅವಸರದಲ್ಲಿ ಎಲ್ಲರೂ ಮರೆಯುವ ಗುಡಿ. 1220ರ ಕಾಲದ ಅದರ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಗಳ ನಕ್ಷತ್ರದ ಆಕಾರದ್ದು. ಗಣಿತದ ವಿದ್ಯಾರ್ಥಿಗಳು ಹಗ್ಗ ಮತ್ತು ಗೂಟ ಹಿಡಿದು ಅದೇ ಆಕಾರವನ್ನು ಕಾಲೇಜಿನ ಮೈದಾನದಲ್ಲಿ ಬರೆದು ನೋಡಲಿ. ಜ್ಯಾಮಿತಿಯ ಒಂದು ಅಧ್ಯಾಯ ಅಲ್ಲಿಯೇ ಮುಗಿಯುತ್ತದೆ.

ಹಳೇಬೀಡೆಂಬ ದೋರಸಮುದ್ರಕ್ಕೆ ಶರಣ ಸಾಹಿತ್ಯದ ನಂಟೂ ಇದೆ. ಹರಿಹರ ಕವಿಯು ಇಲ್ಲಿಯ ಅರಮನೆಯಲ್ಲಿ ಕರಣಿಕನಾಗಿದ್ದು, ಲೆಕ್ಕದ ಕಡತ ಬಿಟ್ಟು ಹಂಪೆಗೆ ನಡೆದನೆಂದು ಐತಿಹ್ಯ. ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದ, ‘ದೀಕ್ಷಾಬೋಧೆ’ಯನ್ನು ಬರೆದ ಪದ್ಮರಸನು ಬೇಲೂರಿನಲ್ಲಿ ಕೆರೆ ಕಟ್ಟಿಸಿ ‘ಕೆರೆಯ ಪದ್ಮರಸ’ನೆಂದೇ ಹೆಸರಾದನು. ಮಂತ್ರಿಪದವಿಗಿಂತ ಕೆರೆಯ ಕೆಲಸವೇ ಅವನ ಹೆಸರಿಗೆ ಅಂಟಿಕೊಂಡದ್ದನ್ನು ಗಮನಿಸಬೇಕು.

ಕೆರೆಯ ಮಾತು ಬಂದುದರಿಂದ ಸೇವಾ ಶಿಬಿರದ ಮಾತನ್ನೂ ಹೇಳಬೇಕು. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದುದು ಗಾಂಧೀಜಿಯವರ ಶತಮಾನೋತ್ಸವದ ವರ್ಷವಾದ 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮಾಡಬೇಕು. ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರ. ಆ ಏಳು ದಿನ ಉದ್ಘಾಟನೆ, ಹಾರ, ಭಾಷಣ, ಸಮಾರೋಪಗಳಲ್ಲಿಯೇ ಕಳೆದುಹೋಗುವ ಶಿಬಿರಗಳೂ ಇವೆಯೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಅರಸೀಕೆರೆಯ ಕಡೆಯ ಒಣಸೀಮೆಯಲ್ಲಿ, ಮಳೆ ಕೈಕೊಟ್ಟ ವರ್ಷ ತೆಂಗಿನ ಗರಿಗಳು ಜೋತುಬೀಳುವುದನ್ನು ಕಂಡ ರೈತನ ಮಗನಿಗೆ ಕಾಲುವೆಯ ಹೂಳು ಎತ್ತುವ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಕೆರೆ ಕಾಲುವೆಯ ಕೆಲಸ, ಮಧ್ಯಾಹ್ನ ಊರ ಶಾಸನದ ಹುಡುಕಾಟ, ರಾತ್ರಿ ಹಿರಿಯರಿಂದ ಊರಿನ ಕಥೆ ಕೇಳಿ ಬರೆದುಕೊಳ್ಳುವುದು. ಹೀಗೆ ಜೋಡಿಸಿದರೆ ಶಿಬಿರಕ್ಕೆ ಒಂದು ಹುರುಳು ಬರುತ್ತದೆ. ಕಾಲೇಜಿನ ವಾರ್ಷಿಕ ಸಂಚಿಕೆಗೂ ಒಳ್ಳೆಯ ಲೇಖನಗಳು ದೊರೆಯುತ್ತವೆ.

ಹೆತ್ತವರ ಅಂಜಿಕೆ ಸುಳ್ಳಲ್ಲ. ಅಂಕ ಕಡಿಮೆಯಾದೀತು, ಖರ್ಚಾದೀತು, ಅದಕ್ಕಿಂತ ಹೆಚ್ಚಾಗಿ ಹೆಣ್ಣುಮಗಳನ್ನು ಏಳು ದಿನ ಹೊರಗೆ ಕಳಿಸುವುದು ಹೇಗೆ ಎಂಬ ಚಿಂತೆ. ಮಗನಾದರೆ “ಹೋಗಿ ಬಾರಪ್ಪ” ಎನ್ನುವ ಮನೆಯಲ್ಲಿಯೇ ಮಗಳಿಗೆ “ಬೇಡಮ್ಮ” ಎಂಬ ಮಾತು ಹೊರಡುತ್ತದೆ. ಆಕೆ ಅತ್ತು ಸುಮ್ಮನಾಗುತ್ತಾಳೆ. ಆ ವರ್ಷ ಮತ್ತೆ ಬರುವುದಿಲ್ಲ. ಅಕ್ಕಮಹಾದೇವಿಯವರ ಭಾವಚಿತ್ರಕ್ಕೆ ನಿತ್ಯ ಹೂವಿಡುವ ಮನೆಗಳಲ್ಲಿ ಇದು ನಡೆಯಬೇಕೆ? ಬೇಡವೆನ್ನುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿ, ಶಿಬಿರ ಯಾವ ಊರಿನಲ್ಲಿ, ವಸತಿ ಎಲ್ಲಿ, ಜೊತೆಯಲ್ಲಿರುವ ಅಧ್ಯಾಪಕಿಯರು ಯಾರು ಎಂದು ವಿಚಾರಿಸಬಹುದು. ಶಿಬಿರದ ಊರಿನಲ್ಲಿ ನಮ್ಮ ಬಂಧುಗಳಿದ್ದರೆ ಒಂದು ಹೊತ್ತಿನ ದಾಸೋಹದ ಹೊಣೆಯನ್ನು ಹೊತ್ತು, ಆ ನೆಪದಲ್ಲಿ ತಾಯಂದಿರೂ ಒಂದು ಸಂಜೆ ಅಲ್ಲಿಗೆ ಹೋಗಿ ಬರಬಹುದು. ಕಣ್ಣಾರೆ ಕಂಡ ಮೇಲೆ ಅರ್ಧ ಅಂಜಿಕೆ ಅಳಿಯುತ್ತದೆ.

ಹೊಟ್ಟೆಪಾಡಿನ ಪ್ರಶ್ನೆ ಕೇಳುವವರಿಗೂ ಉತ್ತರವಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಜಗತ್ತಿನ ಮೂಲೆಮೂಲೆಯಿಂದ ಬರುವವರಿಗೆ ಈ ಕಲ್ಲುಗಳನ್ನು ವಿವರಿಸುವವರು ಬೇಕು. ಕಟ್ಟುಕಥೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವವರಿಗಿಂತ, ಶಾಸನದ ಸಾಲನ್ನು ತೋರಿಸಿ “ಇಗೋ ಇಲ್ಲಿ ಬರೆದಿದೆ” ಎನ್ನಬಲ್ಲವರು ಬೇಕು. ಆ ಕೆಲಸ ಊರಿನ ಮಕ್ಕಳಿಗೆ ಸಲ್ಲದೆ ಇನ್ನಾರಿಗೆ ಸಲ್ಲಬೇಕು?

ಈ ವರ್ಷದ ಪ್ರವಾಸಕ್ಕೆ ಅಧ್ಯಾಪಕರು ಯೋಜನೆ ಹಾಕುತ್ತಿದ್ದರೆ ಒಂದು ಹಾದಿಯನ್ನು ಸೂಚಿಸಬಹುದು. ಅರಸೀಕೆರೆಯ ಶಿವಾಲಯವನ್ನು ಬೆಳಗಿನ ಬಿಸಿಲಿನಲ್ಲಿ ನೋಡಿ, ಜಾವಗಲ್ಲಿನ ಮೂಲಕ ಹಳೇಬೀಡಿಗೆ ಬರುವುದು. ಹೊಯ್ಸಳೇಶ್ವರಕ್ಕೆ ಎರಡು ಗಂಟೆಯಾದರೂ ಕೊಟ್ಟು, ಬಸ್ತಿಹಳ್ಳಿಯ ಬಸದಿಗಳನ್ನೂ ಕೇದಾರೇಶ್ವರವನ್ನೂ ಬಿಡದೆ ನೋಡುವುದು. ಬೇಲೂರಿಗೆ ಇನ್ನೊಂದು ದಿನವನ್ನೇ ಇಟ್ಟುಕೊಂಡು, ಅಂದೇ ಹಲ್ಮಿಡಿಗೂ ಹೋಗಿ ಬರುವುದು. ಮೂಲ ಶಾಸನ ಈಗ ಅಲ್ಲಿಲ್ಲ, ಪ್ರತಿಕೃತಿ ಇದೆ. ಊರು ಮಾತ್ರ ಅದೇ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಾದುದರಿಂದ ಆ ದಿನವನ್ನು ತಪ್ಪಿಸಿಕೊಳ್ಳುವುದು ಒಳ್ಳೆಯದು.